ಹಗ್ಗ ಮುಟ್ಟಿದವರ ವಿಮಾನ

ಎಲ್ಲ ರಗಳೆಗೂ ಮೂಲ ಬಾಗಿಯ ಮನೆಯ ಕೊಟ್ಟೆ ಕಡುಬು. ಅದರಲ್ಲೂ ಎರಡನೆಯ ಸಲ ಬಡಿಸಿದ ಕಡುಬು. ಮೊದಲ ಸಲದ್ದಕ್ಕೇ ಕ್ಯಾಪ್ಟನ್ ವಿಶಾಲ್ ಕೈ ತೊಳೆದು ಎದ್ದಿದ್ದರೆ ವಿಂಗ್ ಕಮಾಂಡರ್ ಭೋಜರಾಜ ಹೆಗ್ಡೆಯವರ ವಿಮಾನ ಬೀಜಾಡಿಯ ಮರಳುದಿಬ್ಬ ಹತ್ತಿ ಕೂರುತ್ತಿರಲಿಲ್ಲ.

ವಿಶಾಲ್ ಬ್ರಹ್ಮಾವರದ ಹುಡುಗ, ಬೆಳೆದದ್ದು ಮುಂಬೈಯಲ್ಲಿ. ನೀರಿನ ಮೇಲೂ ನೆಲದ ಮೇಲೂ ಇಳಿಯುವ ಒಂಬತ್ತು ಸೀಟಿನ ಆ ವಿಮಾನವನ್ನು ಬೆಳಿಗ್ಗೆ ಗೋವಾದಿಂದ ತಂದು ಬೀಜಾಡಿಯ ಕಡಲಲ್ಲಿ ಇಳಿಸಿದ್ದ. ಜನವರಿಯ ಕಡಲು ತೆಂಗಿನೆಣ್ಣೆ ಹೊಯ್ದ ಹಾಗೆ ಸಮತಟ್ಟಾಗಿತ್ತು. ಲಂಗರು ಹಾಕಿ ಸುಬ್ಬ ಖಾರ್ವಿಯ ದೋಣಿಯಲ್ಲಿ ದಡಕ್ಕೆ ಬಂದವನನ್ನು ಮೀನು ಮಾರುವ ಬಾಗಿ ಹಿಡಿದು ಕೂರಿಸಿದಳು. ಖಾಲಿ ಹೊಟ್ಟೆಯಲ್ಲಿ ಆಕಾಶಕ್ಕೆ ಹೋಗುವುದುಂಟೇ ಎಂಬುದು ಅವಳ ಪ್ರಶ್ನೆ. ಹಲಸಿನೆಲೆಯ ಕೊಟ್ಟೆ ಬಿಚ್ಚಿ ಬಂಗಡೆ ಸಾರು ಸುರಿದಾಗ ಹುಡುಗನ ಕಣ್ಣಲ್ಲಿ ನೀರು ಬಂತು. ಅಜ್ಜಿ ಸತ್ತ ಮೇಲೆ ಅವನಿಗೆ ಯಾರೂ ಅದನ್ನು ಮಾಡಿಕೊಟ್ಟಿರಲಿಲ್ಲ. ಎರಡನೆಯ ಸಲ ಬಡಿಸುವಾಗ ಲಂಗರು ಜಾರಿತು. ಅವನು ಬೆರಳು ನೆಕ್ಕಿ ಹೊರಗೆ ಬರುವಷ್ಟರಲ್ಲಿ ವಿಮಾನ ತೇಲಿ ಬಂದು ದಿಬ್ಬಕ್ಕೆ ಹತ್ತಿತ್ತು, ಕಡಲು ಇಳಿಯತೊಡಗಿತ್ತು.

ಸುದ್ದಿ ಬಂದಾಗ ಹೆಗ್ಡೆಯವರು ಕೋಟೇಶ್ವರದ ಮನೆಯ ಅಂಗಳದಲ್ಲಿ ನಿಂತು, ಬಾಗಿಲಿಗೆ ಬೀಗ ಹಾಕುತ್ತಿದ್ದ ಹೆಂಡತಿ ರಾಜೀವಿಯಮ್ಮನನ್ನು ಅವಸರಿಸುತ್ತಿದ್ದರು. ನೀಲಿ ಕೋಟು, ಎದೆಯ ಮೇಲೆ ಯುದ್ಧದ ಪದಕ. ಫೋನು ಕಿವಿಯಿಂದ ತೆಗೆದಾಗ ಅವರ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಊರಿಗೆಲ್ಲ ಪರಿಚಯದ್ದೇ.

ಹೆಗ್ಡೆಯವರ ಸಿಟ್ಟು ಇಂದು ನಿನ್ನೆಯದಲ್ಲ. ಗುಲ್ವಾಡಿಯ ಹೊಳೆ ಬದಿಯಲ್ಲಿ ಹುಟ್ಟಿ, ದೋಣಿ ದಾಟಿಸುವವನ ನಿಧಾನಕ್ಕೆ ರೇಗಿ, ಇನ್ನು ಮುಂದೆ ಹೊಳೆಯ ಮೇಲಿಂದಲೇ ಹಾರುತ್ತೇನೆ ಎಂದು ಶಪಥ ಮಾಡಿ ವಾಯುಪಡೆ ಸೇರಿದ ಮನುಷ್ಯ. ಎಪ್ಪತ್ತೊಂದರ ಯುದ್ಧದಲ್ಲಿ ಅವರ ವಿಮಾನದ ರೆಕ್ಕೆಗೆ ಗುಂಡು ಬಿದ್ದು ತೂತಾಯಿತು. ಅದೇ ಹೊತ್ತಿಗೆ ನೋಡಿದರೆ ಇಂಧನವೂ ಅರೆಬರೆ ತುಂಬಿಸಿದ್ದರು. ಶತ್ರುವಿನ ಮೇಲಿದ್ದ ಸಿಟ್ಟು ಒಂದು ಪಾಲಾದರೆ ಇಂಧನ ತುಂಬಿಸಿದವನ ಮೇಲೆ ಬಂದದ್ದು ಎರಡು ಪಾಲು. ಅವನಿಗೆ ಬೈಯದೆ ಸಾಯಬಾರದು ಎಂಬ ಒಂದೇ ಹಟದಿಂದ ಆ ತೂತು ವಿಮಾನವನ್ನು ವಾಪಸು ತಂದು ಇಳಿಸಿದರು. ಸರಕಾರ ಅದನ್ನು ಶೌರ್ಯ ಎಂದು ಕರೆದು ಪದಕ ಕೊಟ್ಟಿತು.

ಖಾಸಗಿಯವರೂ ವಿಮಾನ ಓಡಿಸಬಹುದು ಎಂದು ಕಾಯಿದೆ ಬದಲಾದಾಗ ಅವರು ನಿವೃತ್ತರಾಗಿದ್ದರು. ಮುಂಬೈಯ ಹೋಟೆಲಿನ ನೆಂಟರನ್ನೆಲ್ಲ ಕೂಡಿಸಿ ಎರಡು ಹಳೆಯ ವಿಮಾನ ತಂದು ‘ಪಂಚಗಂಗಾವಳಿ ಏರ್‌ವೇಸ್’ ಕಟ್ಟಿದರು. ಮುಂಬೈಯಲ್ಲಿ ಇಳಿಯಲು ರೇಡಿಯೋದಲ್ಲಿ ಅನುಮತಿ ಕೊಡುವವರಿಗೆ ಆ ಹೆಸರು ಬಾಯಲ್ಲಿ ಹೊರಳುತ್ತಿರಲಿಲ್ಲ. ಸರಿಯಾಗಿ ಹೇಳುವವರೆಗೆ ಇಳಿಯಬೇಡಿ ಎಂದು ಹೆಗ್ಡೆಯವರು ತಮ್ಮ ಪೈಲಟ್‌ಗಳಿಗೆ ಕಟ್ಟಪ್ಪಣೆ ಮಾಡಿದ್ದರು. ಒಣಮೀನಿನ ಪೊಟ್ಟಣ ತಂದನೆಂದು ಬೈಂದೂರಿನ ಒಬ್ಬ ಭಾರೀ ಕುಳವನ್ನು ಏಣಿಯಿಂದಲೇ ಇಳಿಸಿ ಕಳಿಸಿದ್ದರು. ಮೀನಿನ ವಾಸನೆ ಬಂದ ವಿಮಾನ ವಿಮಾನವಲ್ಲ, ಸಂತೆ ಬಸ್ಸು ಎಂಬುದು ಅವರ ವಾದ. ಪ್ರಯಾಣಿಕರಿಗೆ ಬೈಯುವ ಕಂಪನಿ ಎಷ್ಟು ದಿನ ಬಾಳೀತು? ಅದು ಮುಳುಗಿತು.

ಇಷ್ಟೆಲ್ಲ ಆದರೂ ಆ ಕಂಪನಿಯ ವಿಮಾನದಲ್ಲಿ ಒಮ್ಮೆಯೂ ಕೂರದ ಜೀವ ಎಂದರೆ ರಾಜೀವಿಯಮ್ಮ. ಮದುವೆಯಾದ ವಾರಕ್ಕೇ ಯುದ್ಧದ ಕರೆ ಬಂದು ಹೊರಟಾಗ, ಕೋಟೇಶ್ವರದ ಬಸ್ ನಿಲ್ದಾಣದಲ್ಲಿ ಗಂಡ ಮಾತು ಕೊಟ್ಟಿದ್ದ: ಒಂದು ದಿನ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಊರಿನ ಮೇಲೆ ಹಾರುತ್ತೇನೆ. ವಾಯುಪಡೆಯಲ್ಲಿ ಅದು ಆಗುವಂಥದ್ದಲ್ಲ. ಸ್ವಂತ ಕಂಪನಿಯಾದ ಮೇಲೆ ಪ್ರತಿ ಸಲ ಆಕೆ ಸೀರೆ ಉಟ್ಟು ತಯಾರಾದಾಗಲೂ ಕೊನೇ ಗಳಿಗೆಯಲ್ಲಿ ಯಾರೋ ಒಬ್ಬ ಗಿರಾಕಿ ಬರುತ್ತಿದ್ದ. ನೀನು ಮನೆಯವಳಲ್ಲವೇ, ಮುಂದಿನ ಸಲ ಎಂದು ಹೆಗ್ಡೆಯವರು ಸೀಟು ಬಿಡಿಸುತ್ತಿದ್ದರು. ವಿಮಾನ ಕಂಪನಿಯ ಯಜಮಾನನ ಹೆಂಡತಿ ಮುಂಬೈಗೂ ಕುಂದಾಪುರಕ್ಕೂ ಓಡಾಡಿದ್ದು ಬಸ್ಸಿನಲ್ಲಿ, ಅದೂ ಹಿಂದಿನ ಸೀಟಿನಲ್ಲಿ, ಕುಲುಕಿ ಕುಲುಕಿ ಸೊಂಟ ಹಿಡಿಸಿಕೊಂಡು.

ಈಗ ಅರುವತ್ತೈದರ ಹೆಗ್ಡೆಯವರು ಉಳಿದದ್ದನ್ನೆಲ್ಲ ಸುರಿದು ಈ ಪುಟ್ಟ ವಿಮಾನ ತಂದಿದ್ದರು. ಪಂಚಗಂಗಾವಳಿಗೆ ಎರಡನೇ ಹುಟ್ಟು. ಪರವಾನಗಿಗೆ ಮುಂಚಿನ ಪರೀಕ್ಷೆಗೆಂದು ಸ್ನೇಹಲತಾ ಎಂಬ ಅಧಿಕಾರಿ ಬಂದಿದ್ದರು. ಬೀಜಾಡಿಯಿಂದ ಹಾರಿ, ಆಕೆಯನ್ನು ಸಂಜೆಯ ವಿಮಾನದ ಹೊತ್ತಿಗೆ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಮುಟ್ಟಿಸಬೇಕು. ಹಿಂದಿನ ಎರಡು ಸೀಟಿನಲ್ಲಿ ಹೆಗ್ಡೆ ದಂಪತಿ, ರಾತ್ರಿ ಮಂಗಳೂರಿನಲ್ಲಿ ರಾಜೀವಿಯಮ್ಮನ ತಂಗಿ ಸುಗುಣಳ ಮನೆ. ಮೂವತ್ತೆಂಟು ವರ್ಷದ ಮಾತು ಆ ದಿನ ತೀರಬೇಕಿತ್ತು.

ಕಡಲ ಕರೆಗೆ, ಅಂದರೆ ದಡಕ್ಕೆ, ಬಂದು ಕಾರಿನಿಂದ ಇಳಿದಾಗ ವಿಮಾನ, ಗದ್ದೆಯಲ್ಲಿ ಹೂತ ಎಮ್ಮೆಯ ಹಾಗೆ ಒಂದು ಕಡೆ ವಾಲಿ ಕೂತಿತ್ತು. ಹೆಗ್ಡೆಯವರು ಮೊದಲು ವಿಶಾಲ್‌ಗೆ ಬೈದರು, ಆಮೇಲೆ ಲಂಗರಿಗೆ, ಆಮೇಲೆ ಬಾಗಿಗೆ, ಆಮೇಲೆ ಕಡುಬಿಗೆ. ಬಾಗಿ ಸುಮ್ಮನಿರುವ ಹೆಂಗಸಲ್ಲ. ಉಂಬುಕೆ ಹಾಕಿದ್ದು ತಾನು, ಲಂಗರು ಹಾಕಿದ್ದು ನಿಮ್ಮ ಜನ ಎಂದು ಸೊಂಟಕ್ಕೆ ಕೈ ಇಟ್ಟು ಹೇಳಿದಳು. ಅಷ್ಟರಲ್ಲಿ ಸ್ನೇಹಲತಾ ಅವರೂ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಇದು ನಿಲ್ಲಿಸುವ ಕ್ರಮವೋ ಎಂದು ನಯವಾಗಿ ಕೇಳಿದರು. ಆ ನಯವೇ ಹೆಗ್ಡೆಯವರಿಗೆ ಬೆಂಕಿಯಾಯಿತು.

ದಾರಿ ತೋರಿಸಿದ್ದು ಸುಬ್ಬ ಖಾರ್ವಿ. ಆ ಕರೆಯಲ್ಲಿ ದಡದಿಂದಲೇ ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆಯ ಯಜಮಾನ, ಕಡಿಮೆ ಮಾತಿನ ಮುದುಕ. ಬಲೆಯ ಎರಡು ಉದ್ದ ಹಗ್ಗಗಳನ್ನು ಬಿಚ್ಚಿ ವಿಮಾನದ ತೇಲುಗಾಲುಗಳಿಗೆ ಕಟ್ಟಿಸಿದ. ನೀರು ಪೂರ್ತಿ ಇಳಿಯುವ ಮೊದಲು ದಕ್ಷಿಣದ ಆಳಕ್ಕೆ ಎಳೆದುಬಿಟ್ಟರೆ ಆಯಿತು ಎಂದ. ಕೂಗು ಹಾಕಿದ್ದೇ ತಡ, ಕೇರಿಗೆ ಕೇರಿಯೇ ಬಂತು. ಬಲೆ ಹೊಲಿಯುತ್ತಿದ್ದವರು, ಮೀನು ಒಣಗಿಸುತ್ತಿದ್ದವರು, ಮದುವೆಗೆ ಹೊರಟವರು, ಎಲ್ಲರೂ ಹಗ್ಗಕ್ಕೆ ಕೈ ಹಾಕಿದರು. ಬಾಗಿ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡೇ ಒಂದು ಕೈ ಕೊಟ್ಟಳು. ಸ್ನೇಹಲತಾ ಅವರು ಇಂಥದ್ದನ್ನು ಎಲ್ಲಿ ಕಂಡಿದ್ದರೋ, ಚಪ್ಪಲಿ ಮರಳಿಗೆ ಎಸೆದು ನಗುತ್ತ ಸಾಲಿನಲ್ಲಿ ನಿಂತರು.

ರಾಜೀವಿಯಮ್ಮ ಮನೆಯ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ರೇಷ್ಮೆ ಸೀರೆ ಎತ್ತಿ ಕಟ್ಟಿ ಹಗ್ಗ ಹಿಡಿದರು. ತಿರುಗಿ ಗಂಡನನ್ನು ಕರೆದರು. “ನೀವೂ ಒಂದ್ ಕೈ ಹಾಕಿನಿ. ನಿಮ್ದೇ ವಿಮಾನ ಅಲ್ದಾ?”

ಹೆಗ್ಡೆಯವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನಾನ್ ವಿಮಾನ ಹಾರ್ಸಿದವ. ಹಗ್ಗ ಹಾಕಿ ಎಳುದು ನನ್ನ್ ಕೆಲ್ಸ ಅಲ್ಲ.”

ಅಲ್ಲಿಂದ ಮುಂದೆ ಅವರು ಮಾಡಿದ್ದು ಒಂದೇ ಕೆಲಸ, ಅಪ್ಪಣೆ ಕೊಡುವುದು. ಎಡದವರು ನಿಧಾನ, ಬಲದವರು ಜೋರು, ಬಾಗಿ ಬುಟ್ಟಿ ಕೆಳಗಿಡು. ಯಾರೂ ಕೇಳಲಿಲ್ಲ. ಸುಬ್ಬ ಒಂದು ಸಲ ‘ಐಸಾ’ ಎಂದ, ಅಷ್ಟಕ್ಕೇ ಎಲ್ಲರ ಬೆನ್ನೂ ಒಟ್ಟಿಗೆ ಬಾಗಿತು. ವಿಮಾನ ನರಳಿತು, ಅಲುಗಿತು, ಜಾರಿ ಆಳಕ್ಕೆ ಇಳಿದು ನೆಟ್ಟಗೆ ತೇಲಿತು. ವಿಶಾಲ್ ಈಜಿ ಹೋಗಿ ಪರೀಕ್ಷಿಸಿ, ಒಂದು ಗೀರೂ ಬಿದ್ದಿಲ್ಲ ಎಂದು ಕೈ ಬೀಸಿದ. ಹೆಗ್ಡೆಯವರ ಎದೆ ಪದಕದ ಸಮೇತ ಉಬ್ಬಿತು. ಚಾ ಕುಡಿಯಿರಿ ಎಂದು ಅವರು ನೋಟು ಹಿಡಿದ ಕೈಯನ್ನು ಸುಬ್ಬನ ಕಡೆಗೆ ಚಾಚಿದರು. ಸುಬ್ಬ ಆ ಕೈಯನ್ನು ನೋಡಲೂ ಇಲ್ಲ.

“ಚಾ ಬ್ಯಾಡ ಹೆಗ್ಡೇರೆ. ಪಾಲ್ ಕೊಡಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈರಂಪಣಿಯ ಹಗ್ಗ ಎಳೆಯಲು ಯಾರು ಬಂದರೂ ಆಗುತ್ತದೆ, ಬಂದವರಿಗೆಲ್ಲ ಹಿಡಿದದ್ದರಲ್ಲಿ ಪಾಲು. ನೀನು ಯಾರು, ಯಾವ ಮನೆ, ಎಷ್ಟು ಜೋರು ಎಳೆದೆ ಎಂದು ಕೇಳುವ ಕ್ರಮ ಅಲ್ಲಿಲ್ಲ. ಹಗ್ಗ ಮುಟ್ಟಿದವನಿಗೆ ಪಾಲು, ಮುಟ್ಟದವನಿಗೆ ಇಲ್ಲ. ಅಜ್ಜನ ಕಾಲದಿಂದ ಆ ಕರೆಯಲ್ಲಿ ಜಗಳವಿಲ್ಲದೆ ನಡೆದು ಬಂದ ನ್ಯಾಯ ಇದೊಂದೇ. ಆ ದಿನ ಹಗ್ಗದ ತುದಿಯಲ್ಲಿ ಮೀನಿನ ಬದಲು ವಿಮಾನ ಬಂದಿತ್ತು, ಅಷ್ಟೇ ವ್ಯತ್ಯಾಸ.

ವಿಮಾನವನ್ನು ಕೊಯ್ದು ಹಂಚಲೇ ಎಂದು ಹೆಗ್ಡೆಯವರು ಗುಡುಗಿದರು. ಸುಬ್ಬ ಬೀಡಿ ಹಚ್ಚಿದ. “ಕೊಯ್ಕ್ ಅಂದೇಳಿ ಯಾರ್ ಹೇಳ್ದ್ರ್? ಮೀನ್ ಬಂದ್ರೆ ತಿಂಬುದ್. ವಿಮಾನ ಬಂದ್ರೆ ಹಾರುದ್. ಒಬ್ಬೊಬ್ರಿಗೆ ಒಂದ್ ಸುತ್ತ್.”

ಹೆಗ್ಡೆಯವರು ಕುಣಿದರು. ಇದು ಸರ್ಕಸ್ಸಿನ ತೊಟ್ಟಿಲಲ್ಲ ಎಂದರು, ಪೊಲೀಸರನ್ನು ಕರೆಯುತ್ತೇನೆ ಎಂದರು, ಯುದ್ಧದಲ್ಲಿ ಇಂಥವರನ್ನು ಎಷ್ಟು ಕಂಡಿಲ್ಲ ಎಂದರು. ಹಗ್ಗದ ಇನ್ನೊಂದು ತುದಿ ಸುಬ್ಬನ ದೋಣಿಗೆ ಬಿಗಿದಿತ್ತು, ಅದನ್ನು ಬಿಚ್ಚಲೂ ಇಲ್ಲ. ಎಲ್ಲರೂ ಮರಳಿನ ಮೇಲೆ ಕೂತು ಎಲೆ ಅಡಿಕೆ ತೆಗೆದರು. ಇಂಥ ಸಿಟ್ಟು ಗೋಡೆಗಾದರೂ ತಾಗಬೇಕು, ಮರಳಿಗೆ ಬಿದ್ದರೆ ಇಂಗಿಹೋಗುತ್ತದೆ. ಕೊನೆಗೆ ಬಾಯಿ ಹಾಕಿದ್ದು ಸ್ನೇಹಲತಾ ಅವರು. ಬೇರೆ ಬೇರೆ ತೂಕ ಹೊತ್ತು ಹಾರಿಸಿ ನೋಡುವುದು ಹೇಗೂ ಪರೀಕ್ಷೆಯ ಭಾಗವೇ, ಮರಳಿನ ಚೀಲದ ಬದಲು ಜನರನ್ನೇ ಕೂರಿಸಿದರೆ ತನ್ನ ಕೆಲಸವೂ ಆಯಿತು ಎಂದರು. ಹೆಗ್ಡೆಯವರು ಹಲ್ಲು ಕಡಿದು ಒಪ್ಪಿದರು.

ಇಲ್ಲಿಗೆ ಮುಗಿದಿದ್ದರೆ ಏನೂ ಇರಲಿಲ್ಲ. ಅಷ್ಟರಲ್ಲಿ ಪಂಚಾಯಿತಿ ಮೆಂಬರ್ ಶೇಖರ ಬಂದ. ಹೆಗ್ಡೆಯವರ ನೆರೆಮನೆಯವನು. ಬಿಳಿ ಅಂಗಿ, ಕೈಯಲ್ಲಿ ಹಾರ, ಬೆನ್ನಿಗೆ ಜೀಪು ತುಂಬ ಭಾವ ಮೈದುನರು. ಊರಿನ ಪರವಾಗಿ ಮೊದಲ ಸುತ್ತು ತನ್ನದು, ಫೋಟೋ ತೆಗೆಯುವವನೂ ಬಂದಿದ್ದಾನೆ ಎಂದು ಶೇಖರ ದೋಣಿಗೆ ಕಾಲಿಟ್ಟೇಬಿಟ್ಟ. ಹೆಗ್ಡೆಯವರಿಗೆ ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟಿಗೆ ಒಂದು ಗೋಡೆ ಸಿಕ್ಕಿತು. ಅವರು ಪದಕದ ಮೇಲೆ ಅಂಗೈ ಬಡಿದರು.

“ಹಗ್ಗ ಮುಟ್ಟಿದವ್ರಿಗೆ ಮಾತ್ರ! ಮುಟ್ಟದ ಒಂದ್ ನರಪಿಳ್ಳೆಯೂ ಇವತ್ತ್ ಈ ವಿಮಾನ ಹತ್ತುಕಾಗ. ಮಂತ್ರಿ ಬರ್ಲಿ, ನನ್ನಪ್ಪನೇ ಎದ್ದ್ ಬರ್ಲಿ. ಈ ಪದಕದ ಮೇಲೆ ಆಣೆ.”

ಸುಬ್ಬ ಬಾಯಿಂದ ಬೀಡಿ ತೆಗೆದು, ಆಣೆ ಗಟ್ಟಿಯಾಯಿತು ಎಂಬಂತೆ ತಲೆ ಆಡಿಸಿದ. ಶೇಖರ ಹಾರವನ್ನು ಭಾವನ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಮರಳಿನ ಮೇಲೆ ಕೂತ. ಅವನು ಎದ್ದು ಮನೆಗೆ ಹೋಗದೆ ಕೂತದ್ದು ಯಾಕೆಂದು ಹೆಗ್ಡೆಯವರು ಆಗ ಯೋಚಿಸಬೇಕಿತ್ತು. ಅವರು ಯೋಚಿಸಲಿಲ್ಲ. ಗೆದ್ದ ಮನುಷ್ಯನಿಗೆ ಯೋಚನೆ ಬರುವುದು ತಡ.

ಮಧ್ಯಾಹ್ನವಿಡೀ ವಿಮಾನ ಹಾರಿತು, ಇಳಿಯಿತು. ಕೋಡಿಯ ದೀಪಸ್ತಂಭ ಸುತ್ತಿ, ಹೊಳೆಬಾಯಿ ನೋಡಿಕೊಂಡು ಬಂದವರು ತಮ್ಮ ತಮ್ಮ ಮನೆಯ ಮಾಡು ಮೇಲಿಂದ ಹೇಗೆ ಕಂಡಿತೆಂದು ಕೈ ಆಡಿಸಿ ಹೇಳುತ್ತಿದ್ದರು. ಒಬ್ಬನಿಗೆ, ಪಕ್ಕದ ಮನೆಯವನು ಬೇಲಿಯನ್ನು ತನ್ನ ಹಿತ್ತಿಲೊಳಕ್ಕೆ ಸರಿಸಿದ್ದು ಮೇಲಿಂದಲೇ ಕಂಡು, ಇಳಿದ ಕೂಡಲೇ ಜಗಳಕ್ಕೆ ಓಡಿದ. ಹೆಗ್ಡೆಯವರು ಬಿಸಿಲಲ್ಲಿ ನಿಂತು, ತಲೆ ಹೊರಗೆ ಹಾಕಬೇಡಿ, ಬಾಗಿಲು ಬಡಿಯಬೇಡಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಸಿಟ್ಟು ಮಾತ್ರ ಒಳಗೆ ಹಾಗೇ ಇತ್ತು. ಕಡೆಯ ಹಾರಾಟದಲ್ಲಿ ರಾಜೀವಿಯ ಪಕ್ಕ ಕೂತರೆ ಅದೂ ಇಳಿದೀತು ಎಂದು ಸಮಾಧಾನ ಮಾಡಿಕೊಂಡರು.

ಬಜ್ಪೆಯ ಹೊತ್ತಾಯಿತು. ಇನ್ನೂ ಸುತ್ತು ಸಿಗದವರಲ್ಲಿ ಉಳಿದಿದ್ದವರು ಸುಬ್ಬ, ಬಾಗಿ ಮತ್ತು ರಾಜೀವಿಯಮ್ಮ. ಸುಬ್ಬನ ಮಗಳೂ ಬಾಗಿಯ ಮಗಳೂ ಮಂಗಳೂರಿನಲ್ಲೇ ಇದ್ದುದರಿಂದ, ತಮ್ಮ ಪಾಲು ಅಲ್ಲಿಯವರೆಗೆ ಆಗಲಿ ಎಂದು ಅವರು ಕಾದು ಕೂತಿದ್ದರು. ಸ್ನೇಹಲತಾ ಅವರು ಹತ್ತಿದರು. ಸುಬ್ಬ ಹತ್ತಿದ. ರಾಜೀವಿಯಮ್ಮ ಹತ್ತಿ ಕಿಟಕಿಯ ಬದಿಯಲ್ಲಿ ಕೂತರು. ಹೆಗ್ಡೆಯವರು ಕೋಟು ಸರಿ ಮಾಡಿಕೊಂಡು ದೋಣಿಗೆ ಕಾಲಿಟ್ಟರು.

ಮರಳಿನ ಮೇಲೆ ಕೂತಿದ್ದ ಶೇಖರ ಎದ್ದು ಅಂಗಿ ಕೊಡವಿದ. “ಹ್ವಾಯ್ ಹೆಗ್ಡೇರೆ, ಒಂಚೂರ್ ನಿಲ್ಲಿ. ನಿಮ್ ಕೈ ಹಗ್ಗಕ್ಕ್ ತಾಗಿತ್ತಾ?”

ಹೆಗ್ಡೆಯವರು ನಕ್ಕರು. ಯಾರೂ ನಗಲಿಲ್ಲ. ಇದು ನನ್ನ ವಿಮಾನ, ನನ್ನ ಕಂಪನಿ ಎಂದರು. ಯಾರೂ ಅಲ್ಲವೆನ್ನಲಿಲ್ಲ. ಹಗ್ಗ ಮುಟ್ಟಿದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂದು ಶೇಖರ ಸುತ್ತ ನೋಡಿ ಕೇಳಿದ. ಕೇರಿಗೆ ಕೇರಿಯೇ ಸಾಕ್ಷಿ ಇತ್ತು. ಅವರು ಕೈ ಬೆನ್ನಿಗೆ ಕಟ್ಟಿ ನಿಂತದ್ದಕ್ಕೆ. ಹೆಗ್ಡೆಯವರು ಸುಬ್ಬನ ಕಡೆ ತಿರುಗಿ, ಬಲೆಯ ಯಜಮಾನನಿಗೆ ಎಳೆಯದಿದ್ದರೂ ಪಾಲಿಲ್ಲವೇ, ಹಾಗೇ ತನಗೂ ಇಲ್ಲವೇ ಎಂದು ಕೇಳಿದರು. ಇಡೀ ದಿನದಲ್ಲಿ ಅವರು ಮೆಲ್ಲಗೆ ಆಡಿದ ಮಾತು ಅದೊಂದೇ.

ಸುಬ್ಬ ಕಿಟಕಿಯಿಂದಲೇ ಉತ್ತರ ಕೊಟ್ಟ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನ್ಯಾಯ ಹೇಳುವವನ ಬೇಸರವಿತ್ತು. “ಬಲೆ ನಮ್ದ್. ಹಗ್ಗ ನಮ್ದ್. ದೋಣಿ ನಮ್ದ್. ಎಳ್ಕಂಡ್ ಬಂದದ್ದ್ ಮಾತ್ರ ನಿಮ್ದ್. ಬಂಗ್ಡೆ ಎಲ್ಲಾದ್ರೂ ತನ್ನ್ ಪಾಲ್ ಕೇಂತಾ ಹೆಗ್ಡೇರೆ?”

ಹೆಗ್ಡೆಯವರ ಕೈ ತಾನಾಗಿಯೇ ಪದಕದ ಮೇಲೆ ಹೋಯಿತು. ಬೈಗುಳ ಗಂಟಲವರೆಗೆ ಬಂತು. ಆದರೆ ಯಾರಿಗೆ ಬೈಯುವುದು? ಆಣೆ ಇಟ್ಟದ್ದು ತಾವೇ, ಅದನ್ನು ಕಿವಿಯಾರೆ ಕೇಳಿಸಿಕೊಂಡದ್ದು ಪರವಾನಗಿಯ ಅಧಿಕಾರಿ. ಅವರು ಹೆಂಡತಿಯ ಕಡೆ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಎಷ್ಟೋ ಸಲ ತನಗಾಗಿ ಸುಳ್ಳು ಹೇಳಿ ಕಾಪಾಡಿದವಳು ಇವತ್ತೊಂದು ಸಲ ಹೇಳಲಾರಳೇ?

ರಾಜೀವಿಯಮ್ಮ ಕಿಟಕಿಗೆ ಮುಖ ತಂದರು. ಆಕೆಯ ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು. “ನಾನ್ ಕರ್ದೆ, ನೀವ್ ಬರ್ಲಿಲ್ಲೆ. ಮೂವತ್ತೆಂಟ್ ವರ್ಷ ನೀವ್ ಹಾರ್ದ್ರಿ, ನಾನ್ ಕೆಳಗ್ ನಿಂತ್ ಕೈ ಬೀಸ್ದೆ. ಇವತ್ ನೀವ್ ಬೀಸಿನಿ.”

ಅದರಲ್ಲಿ ಕೋಪವಿತ್ತು. ಗಂಡನ ಸಿಟ್ಟಿನ ಹಾಗೆ ಉರಿದು ಆರುವ ಕೋಪವಲ್ಲ, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಿ ಕುಲುಕಿ ಗಟ್ಟಿಯಾದದ್ದು. ಹೆಗ್ಡೆಯವರು ದೋಣಿಯಿಂದ ಕಾಲು ತೆಗೆದರು.

ಕೊನೆಯದಾಗಿ ಬಾಗಿ ಹತ್ತುವವಳಿದ್ದಳು. ಬುಟ್ಟಿಯಲ್ಲಿ ಮಗಳಿಗೆಂದು ಬಂಗಡೆ ತುಂಬಿತ್ತು. ಅದನ್ನು ಎಲ್ಲಿಡುವುದು ಎಂದು ಕೇಳಿದ್ದಕ್ಕೆ ವಿಶಾಲ್, ಹೆಗ್ಡೆಯವರ ಖಾಲಿ ಸೀಟು ಇದೆಯಲ್ಲ ಎಂದುಬಿಟ್ಟ. ಕಡುಬಿನ ಋಣ. ಬಾಗಿ ಹತ್ತುವ ಮೊದಲು ಬುಟ್ಟಿಗೆ ಕೈ ಹಾಕಿ, ಎರಡು ಬಂಗಡೆಯನ್ನು ಎಲೆಯಲ್ಲಿ ಸುತ್ತಿ ಹೆಗ್ಡೆಯವರ ಕೈಗಿಟ್ಟಳು. ಕರೆಯಲ್ಲಿ ಸುಮ್ಮನೆ ನಿಂತು ನೋಡಿದವರಿಗೂ ಸಾರಿಗೆಂದು ಎರಡು ಮೀನು ಕೊಡುವ ಕ್ರಮ ಇದೆಯಂತೆ.

ಪಂಚಗಂಗಾವಳಿ ಏರ್‌ವೇಸಿನ ಸ್ಥಾಪಕನ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು, ಮೀನಿನ ಬುಟ್ಟಿ ಆಕಾಶಕ್ಕೇರಿತು. ವಿಮಾನ ಒಮ್ಮೆ ಊರಿನ ಮೇಲೆ ಸುತ್ತು ಹಾಕಿ ದಕ್ಷಿಣಕ್ಕೆ ತಿರುಗಿತು. ಹೆಗ್ಡೆಯವರು ಕೈ ಬೀಸಲಿಲ್ಲ. ಅವರ ಒಂದು ಕೈಯಲ್ಲಿ ಮೀನಿತ್ತು, ಇನ್ನೊಂದು ಕೈಯನ್ನು ಶೇಖರನ ಎದುರು ಎತ್ತಲು ಮನಸ್ಸಾಗಲಿಲ್ಲ. ಕಣ್ಣಿಗೆ ಮರಳು ಬಿದ್ದಿತ್ತು ಎಂದು ಆಮೇಲೆ ಹೇಳಿಕೊಂಡರು. ಆ ದಿನ ಬೀಜಾಡಿಯಲ್ಲಿ ಗಾಳಿಯೇ ಇರಲಿಲ್ಲ.

ಮನೆಯ ಮೆಟ್ಟಿಲು ಹತ್ತಿದ ಮೇಲೆ ಬಾಗಿಲಿನ ಬೀಗ ಕಣ್ಣಿಗೆ ಬಿತ್ತು. ಬೀಗದ ಕೈ ಗೊಂಚಲು ರಾಜೀವಿಯಮ್ಮನ ಸೊಂಟದಲ್ಲಿ ಮಂಗಳೂರಿನ ಕಡೆ ಹಾರುತ್ತಿತ್ತು. ಕಾರೂ ಬಾಡಿಗೆಯವನದು, ಅವನು ಸುತ್ತು ಹಾರಿದ ಸಂಭ್ರಮದಲ್ಲಿ ಎಲ್ಲಿಗೋ ಹೋಗಿದ್ದ. ನೆರೆಮನೆಯ ಜಗಲಿಯಲ್ಲಿ ಶೇಖರ ಕೂತು, ಬೇಕಾದರೆ ರಾತ್ರಿ ಇಲ್ಲೇ ಉಳಿಯಬಹುದು ಎಂದು ಅತಿ ವಿನಯದಿಂದ ಹೇಳಿದ. ಹೆಗ್ಡೆಯವರು ಮೀನನ್ನು ಅವನ ಬೆಕ್ಕಿಗೆ ಎಸೆದು ಹೆದ್ದಾರಿಗೆ ನಡೆದರು.

ಕೋಟೇಶ್ವರದ ನಿಲ್ದಾಣ ಅದೇ ಇತ್ತು, ಎಪ್ಪತ್ತೊಂದರಲ್ಲಿ ಮಾತು ಕೊಟ್ಟ ಜಾಗ. ಮಂಗಳೂರಿನ ಎಕ್ಸ್‌ಪ್ರೆಸ್ ತುಂಬಿ ತುಳುಕಿ ಬಂತು. ಹೆಗ್ಡೆಯವರು ನೂಕಿಕೊಂಡು ಹತ್ತಿದರು. ತಾನು ಯಾರೆಂದು ಹೇಳಿದರು, ಯುದ್ಧ ಎಂದರು, ವಿಮಾನ ಕಂಪನಿ ಎಂದರು. ಕಂಡಕ್ಟರ್ ತಾಳ್ಮೆಯಿಂದ ಕೇಳಿ, ಟಿಕೆಟು ಹರಿದು ಕೈಗಿಟ್ಟ. ಬಸ್ಸು ಜಿಗಿಯಿತು. ಹೆಗ್ಡೆಯವರು ಹಿಡಿದುಕೊಳ್ಳಲು ಮೇಲಕ್ಕೆ ತಡಕಾಡಿದರು. ಅಲ್ಲಿದ್ದ ಕಬ್ಬಿಣದ ಸರಳು ಎಂದೋ ಮುರಿದುಹೋಗಿ, ಆ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಹಳೆಯ ಬಲೆಯ ಹಗ್ಗ ಕಟ್ಟಿದ್ದರು.

“ಬೀಳ್ತ್ರಿ ಮಾರಾಯ್ರೆ,” ಎಂದ ಕಂಡಕ್ಟರ್. “ಆ ಹಗ್ಗ ಹಿಡ್ಕಣಿ.”

ಭೋಜರಾಜ ಹೆಗ್ಡೆಯವರು ಹಲ್ಲು ಕಡಿದು, ಎರಡೂ ಕೈಯಿಂದ ಹಗ್ಗ ಹಿಡಿದರು.